ಹದಿನೇಳನೆಯ ಸೀಸೆ

“ಮತ್ತೆ ಬಂದ್ಯಾ? ಒಂದು ಹುಳದ ಕಾಲು ಕೀಳೋವಷ್ಟು ಹೊತ್ತಾದ್ರೂ ನನ್ನ ಪಾಡಿಗೆ ನನ್ನ ಬಿಡಲ್ವಲ್ಲೇ ನೀನು!”

ಇಂದ್ರಮ್ಮ ತಲೆ ಎತ್ತದೆಯೇ ಗದರಿದಳು. ಬಾಗಿಲಲ್ಲಿ ಅವಳ ಮಗಳು ಬೆಳ್ಳಿ ನಿಂತಿದ್ದಳು. ಆರು ವರ್ಷದವಳು. ಬೆಳಗಿನಿಂದ ಇದು ನಾಲ್ಕನೇ ಸಲ.

“ಅವ್ವಾ, ಒಂದು ಮಾತು.”

“ನಿನ್ನ ಒಂದು ಮಾತು ನಂಗೊತ್ತಿಲ್ವಾ? ಶುರುವಾದ್ರೆ ಸಂಜೆ ತನಕ ಮುಗಿಯಲ್ಲ. ಹೋಗು, ಅಂಗಳದಲ್ಲಿ ಆಡ್ಕೋ.”

ಹೊಳೆಯ ದಡದ ಆ ಆಶ್ರಮಕ್ಕೆ ಇಂದ್ರಮ್ಮ ಗಿಡಗಳಿಗೆ ನೀರು ಹಾಕಲು ಬಂದವಳು. ಎಲೆಯ ಹಿಂದೆ ಅಡಗಿದ ಹುಳ ಅವಳ ಕಣ್ಣು ತಪ್ಪಿಸಲಾರದು ಎಂದು ಕಂಡ ಗುರುಗಳು ಒಂದು ದಿನ ಅವಳ ಕೈಗೆ ಚಿಮಟ ಕೊಟ್ಟರು. ಅಂದಿನಿಂದ ಅವಳು ಶಿಷ್ಯೆ.

ಗುರುಗಳನ್ನು ಕಾಡುತ್ತಿದ್ದದ್ದು ಒಂದೇ ಪ್ರಶ್ನೆ. ಈ ದಡದಲ್ಲಿ ಎಕ್ಕದ ಎಲೆ ತಿನ್ನುವ ಮೂತಿಹುಳು, ಆ ದಡದಲ್ಲಿ ಕಣಗಿಲೆ ತಿನ್ನುವ ಮೂತಿಹುಳು, ನೋಡಲು ಎರಡೂ ಒಂದೇ. ಇವು ಒಬ್ಬ ತಾಯಿಯ ಮಕ್ಕಳೇ? ಹೌದಾದರೆ ಆ ತಾಯಿ ಯಾವ ಗಿಡದವಳು?

“ಅದನ್ನ ಯಾರು ಹೇಳ್ತಾರೆ?” ಎಂದು ಇಂದ್ರಮ್ಮ ಮೊದಲ ದಿನವೇ ಕೇಳಿದ್ದಳು.

“ಹುಳುವೇ ಹೇಳುತ್ತದೆ. ಅದರ ಮೈಯ ಕಣಕಣದಲ್ಲೂ ಮೈಟೊಕಾಂಡ್ರಿಯಾ ಅಂತ ಪುಟ್ಟ ಚೂರುಗಳಿವೆ. ಅದರೊಳಗೆ ನೂಲಿನ ಹಾಗೆ ಒಂದು ಡಿಎನ್‌ಎ. ಅಪ್ಪನದು ಬರುವುದಿಲ್ಲ. ಅವ್ವನದು ಮಗಳಿಗೆ, ಮಗಳದು ಅವಳ ಮಗಳಿಗೆ, ಹಾಗೇ ಇಳಿದು ಬರುತ್ತದೆ. ಎಷ್ಟೋ ತಲೆಮಾರಿಗೊಮ್ಮೆ ಅದರಲ್ಲಿ ಒಂದು ಅಕ್ಷರ ಬದಲಾಗುತ್ತದೆ. ಆ ಬದಲಾವಣೆ ಎಣಿಸುತ್ತಾ ಹಿಂದಕ್ಕೆ ನಡೆದರೆ ಅಜ್ಜಿಯರ ಅಜ್ಜಿ ಸಿಗುತ್ತಾಳೆ.”

“ಗಂಡುಮಕ್ಕಳಿಗೆ?”

“ಬರುತ್ತದೆ. ನಮ್ಮಮ್ಮನದು ನನಗೂ ಬಂದಿದೆ. ಆದರೆ ನನ್ನಿಂದ ಮುಂದಕ್ಕೆ ಹೋಗುವುದಿಲ್ಲ.”

“ಸದ್ಯ, ಒಂದಾದ್ರೂ ನಮ್ಮ ಪಾಲಿಗೆ ಉಳೀತು,” ಎಂದು ಅವಳು ನಕ್ಕಿದ್ದಳು.

ಆ ನೂಲಿಗಾಗಿ ಹುಳುವೊಂದಕ್ಕೆ ಒಂದು ಕಾಲು ಕಿತ್ತು ಒಂದೊಂದು ಸೀಸೆಗೆ ಹಾಕುವುದು ಇಂದ್ರಮ್ಮನ ಕೆಲಸ. ಗುರುಗಳ ಕಟ್ಟಳೆಯೂ ಒಂದೇ. ಹುಳುವನ್ನು ಬರಿಗೈಯಲ್ಲಿ ಮುಟ್ಟಬಾರದು. ಮುಟ್ಟಿದರೆ ಹುಳುವಿನ ನೂಲಿನ ಜೊತೆ ಮುಟ್ಟಿದವರ ನೂಲೂ ಸೀಸೆಗೆ ಸೇರುತ್ತದೆ.

ಬೆಳ್ಳಿಗೆ ಅದೆಲ್ಲ ಏನು ಗೊತ್ತು? “ಅವ್ವಾ, ಕೇಳವ್ವಾ,” ಎನ್ನುತ್ತಾ ಹತ್ತಿರ ಬಂದವಳು ತಟ್ಟೆಯಲ್ಲಿದ್ದ ಹುಳುವಿನ ಕಾಲನ್ನು ಬೆರಳಲ್ಲಿ ಒತ್ತಿದಳು.

ಇಂದ್ರಮ್ಮ ಕೈಗವಸು ಕಿತ್ತೆಸೆದು ಅವಳ ಬೆನ್ನಿಗೆ ಒಂದು ಬಾರಿಸಿದಳು.

ಮಗು ಅಳಲಿಲ್ಲ. ಸುಮ್ಮನೆ ಹೊರಗೆ ಹೋಯಿತು.

ಸಿಟ್ಟು ಇನ್ನೂ ಇಳಿದಿರಲಿಲ್ಲ. ಇಂದ್ರಮ್ಮ ಅದೇ ಬರಿಗೈಯಲ್ಲಿ ಆ ಕಾಲನ್ನು ಎತ್ತಿ ಹದಿನೇಳನೆಯ ಸೀಸೆಗೆ ಹಾಕಿ ಮುಚ್ಚಿದಳು.

ಸಂಜೆ ಗುರುಗಳು ಕೇಳಿದರು. “ಎಲ್ಲ ಸರಿಯಾಗಿದೆಯೇನಮ್ಮ?”

“ಆಗಿದೆ.”

ಮೂವತ್ತು ಸೀಸೆಗಳು ನೂಲಿನ ಓದಿಗಾಗಿ ಪಟ್ಟಣದ ಪ್ರಯೋಗಾಲಯಕ್ಕೆ ಹೋದವು.

ಮನೆಗೆ ಹೋದಾಗ ಬೆಳ್ಳಿ ಮಲಗಿಬಿಟ್ಟಿದ್ದಳು. ಮೈ ಕಾಯುತ್ತಿತ್ತು. ಬೆಳಿಗ್ಗೆ ಅವಳಿಗೆ ಮಾತಾಡಲು ಆಗಲಿಲ್ಲ. ನಾಲ್ಕನೇ ದಿನ ತೀರಿಹೋದಳು.

ಗುರುಗಳು ಯಾವ ಉಪದೇಶವನ್ನೂ ಮಾಡಲಿಲ್ಲ. ಇಂದ್ರಮ್ಮ ಬರುವವರೆಗೆ ಗಿಡಗಳಿಗೆ ತಾವೇ ನೀರು ಹಾಕಿದರು.

ತಿಂಗಳಾದ ಮೇಲೆ ಅವಳು ಬಂದು ಚಿಮಟ ಹಿಡಿದಳು. ಈಗ ಯಾರೂ ಅಡ್ಡ ಬರುತ್ತಿರಲಿಲ್ಲ. ಒಂದೇ ಬೆಳಿಗ್ಗೆ ನಲವತ್ತು ಕಾಲು ಕಿತ್ತಿಟ್ಟಳು.

ಪಟ್ಟಣದಿಂದ ಓದು ಬಂದಿತು. ಗುರುಗಳು ಹಾಳೆಗಳನ್ನು ನೆಲದ ಮೇಲೆ ಹರಡಿದರು.

“ಒಬ್ಬಳೇ ತಾಯಿ, ಇಂದ್ರಮ್ಮ. ಎಕ್ಕದವಳು. ಯಾವ ಕಾಲದಲ್ಲೋ ಅವಳ ಮಗಳೊಬ್ಬಳು ಹೊಳೆ ದಾಟಿ ಕಣಗಿಲೆಯ ಮೇಲೆ ಕೂತಿದ್ದಾಳೆ. ಅವ್ವ ಎಂದೂ ಮುಟ್ಟದ ಎಲೆಯನ್ನು ತಿಂದಿದ್ದಾಳೆ.”

“ಅವಳವ್ವ ಬೈದಿರ್ತಾಳೆ.”

“ಬೈದದ್ದು ನೂಲಿನಲ್ಲಿ ಬರೆದಿರುವುದಿಲ್ಲ,” ಎಂದರು ಗುರುಗಳು.

ಆಮೇಲೆ ಒಂದು ಹಾಳೆಯನ್ನು ಬೇರೆಯಾಗಿ ಇಟ್ಟರು.

“ಹದಿನೇಳನೆಯದು ಹುಳುವಿನದಲ್ಲ. ಮನುಷ್ಯರದು.”

ಇಂದ್ರಮ್ಮ ಹಾಳೆಯನ್ನು ಕಸಿದುಕೊಂಡಳು. ಅಕ್ಷರಗಳ ಸಾಲು ಸಾಲು.

“ಬೆಳ್ಳಿ ಮುಟ್ಟಿದ್ಲು ಗುರುಗಳೇ. ಅವತ್ತು ನಾಲ್ಕು ಸಲ ಬಂದ್ಲು, ಕೊನೇ ಸಲ ಬೆರಳಲ್ಲಿ ಒತ್ತಿದ್ಲು. ನಿಮಗೆ ಹೇಳಿರಲಿಲ್ಲ. ಇದು ಅವಳೇ.”

ಗುರುಗಳು ಒಂದು ಹತ್ತಿಯುಂಡೆಯಿಂದ ಅವಳ ಕೆನ್ನೆಯ ಒಳಗನ್ನು ಒರೆಸಿದರು. ಇನ್ನೊಂದರಿಂದ ತಮ್ಮದನ್ನೂ ಒರೆಸಿಕೊಂಡರು. ಹಾಳೆಯ ಜೊತೆ ಹೊಂದಿಸಿ ನೋಡಲು ಎರಡೂ ಪಟ್ಟಣಕ್ಕೆ ಹೋದವು.

ಇಂದ್ರಮ್ಮ ದಿನವೂ ದಾರಿಯ ಕಡೆ ನೋಡುತ್ತಿದ್ದಳು. ಉತ್ತರ ಬಂದ ದಿನ ಹದಿನೇಳನೆಯ ಸೀಸೆಯೂ ವಾಪಸು ಬಂತು. ತಳದಲ್ಲಿ ಆ ಕಾಲಿನಿಂದ ತೆಗೆದ ರಸದ ಒಂದು ತೊಟ್ಟು ಉಳಿದಿತ್ತು.

“ನನ್ನದಲ್ಲ,” ಎಂದರು ಗುರುಗಳು. “ನಿನ್ನದಕ್ಕೆ ಒಂದಕ್ಷರವೂ ಬಿಡದೆ ಹೊಂದುತ್ತದೆ.”

ಇಂದ್ರಮ್ಮನ ಮುಖ ಅರಳಿತು. ಮಗಳು ಹೋದ ಮೇಲೆ ಅದೇ ಮೊದಲು.

“ಹೇಳ್ಲಿಲ್ವಾ ನಾನು? ನಮ್ಮ ಬೆಳ್ಳಿದೇ!”

“ಅವಳದಾಗಿರಬಹುದು. ನಿನ್ನದೂ ಆಗಿರಬಹುದು. ನಿಮ್ಮಿಬ್ಬರ ನೂಲು ಒಂದೇ.”

“ನನ್ನದು ಹೆಂಗಾಗುತ್ತೆ? ನಾನು ಕೈಗವಸು ಹಾಕ್ಕೊಂಡೇ...”

ಇಂದ್ರಮ್ಮ ತನ್ನ ಬಲಗೈಯನ್ನು ನೋಡಿಕೊಂಡಳು.

“ಹಾಕಿರಲಿಲ್ಲ. ಕಿತ್ತೆಸೆದು ಅವಳಿಗೆ ಹೊಡೆದೆ. ಹೊಡೆದ ಕೈಯಲ್ಲೇ ಆ ಕಾಲನ್ನ ಎತ್ತಿ ಹಾಕಿದೆ.”

ಅವಳು ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದಳು.

“ಬೇರೆ ಯಾವ ರೀತೀಲೂ ಓದಕ್ಕಾಗಲ್ವಾ ಗುರುಗಳೇ?”

“ಅಪ್ಪ, ಅವ್ವ ಇಬ್ಬರಿಂದಲೂ ಬರುವ ಇನ್ನೊಂದು ಡಿಎನ್‌ಎ ಇದೆ. ಅದು ಹೇಳುತ್ತಿತ್ತು. ಆದರೆ ಅದನ್ನು ಓದುವಷ್ಟು ಈ ತೊಟ್ಟಿನಲ್ಲಿಲ್ಲವಂತೆ. ಕೇಳಿದೆ.”

“ಇನ್ನೊಂದು ಸಲ ಕೇಳಿ.”

“ಮೂರು ಸಲ ಕೇಳಿದೆ, ತಾಯಿ.”

ಅವಳು ನೆಲದ ಮೇಲೆ ಕೂತಳು. ಸೀಸೆಯನ್ನು ಮುಟ್ಟಲಿಲ್ಲ.

“ಅವಳ ಬೆರಳಾದ್ರೆ ಸಾಯೋ ತನಕ ಸೆರಗಲ್ಲಿ ಕಟ್ಟಿ ಇಟ್ಕೋತೀನಿ. ನನ್ನ ಕೈಯಾದ್ರೆ ಇವತ್ತೇ ಹೊಳೆಗೆ ಎಸೀತೀನಿ. ಯಾವುದು ಅಂತ ನೀವು ಹೇಳಬೇಕು. ಇಷ್ಟೆಲ್ಲ ಓದಿದೀರಲ್ಲ? ಹುಳದ ಮುತ್ತಜ್ಜಿ ಏನು ತಿಂದ್ಲು ಅಂತ ಹೇಳ್ತೀರಿ. ನನ್ನ ಮಗಳ ಬೆರಳು ಯಾವುದು ಅಂತ ಹೇಳಕ್ಕಾಗಲ್ವಾ?”

“ಆಗುವುದಿಲ್ಲ.”

“ಹಂಗಾದ್ರೆ ನಿಮ್ಮ ವಿದ್ಯೆ ಯಾವ ಕೆಲಸಕ್ಕೆ ಬಂತು?”

ಗುರುಗಳು ತಮ್ಮ ಕೈಗವಸು ತೆಗೆದಿಟ್ಟರು. ಸೀಸೆಯನ್ನು ಬರಿಗೈಯಲ್ಲಿ ಎತ್ತಿ ಅವಳ ಬರಿಗೈಯಲ್ಲಿ ಇಟ್ಟು ಬೆರಳುಗಳನ್ನು ಮಡಿಸಿದರು.

ಇಂದ್ರಮ್ಮ ಬಹಳ ಹೊತ್ತು ಅತ್ತಳು. ಗುರುಗಳು ಪಕ್ಕದಲ್ಲೇ ಕೂತಿದ್ದರು.

ಅಳು ನಿಂತ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಇನ್ನೇನೂ ಕೇಳಲ್ಲ ಗುರುಗಳೇ. ನೀವಾದ್ರೂ ಏನಾದ್ರೂ ಹೇಳಿ.”

“ಹೇಳುವುದಕ್ಕೆ ನನ್ನಲ್ಲಿ ಏನೂ ಇಲ್ಲ. ಕೇಳುವುದಕ್ಕೆ ಒಂದಿದೆ.”

“ಕೇಳಿ.”

ಗುರುಗಳು ಮೆಲ್ಲಗೆ ಕೇಳಿದರು.

“ಅವತ್ತು ಮಗು ನಾಲ್ಕು ಸಲ ಬಂತಲ್ಲ ಇಂದ್ರಮ್ಮ, ಏನು ಹೇಳೋದಕ್ಕೆ ಬಂದಿತ್ತು?”