ಮಲ್ಲನ ಕಿವಿಯ ಪಂಚಾಯ್ತಿ

ಹೋಟೆಲಿನ ಹಿಂದಿನ ಬೂದಿಗುಡ್ಡೆಯಲ್ಲಿ ಮಲ್ಲ ಎಂಬ ನಾಯಿ ಇತ್ತು. ಅದು ಬೊಗಳಿದರೆ ಮೂರು ಊರಿನ ಮಡಕೆಗಳು ಒಡೆಯುತ್ತಿದ್ದವು, ಸುಳ್ಳಲ್ಲ. ಅಂಥ ವೀರನ ಕಿವಿ ಹುಣ್ಣಾಗಿ, ಇಂದೋ ನಾಳೆಯೋ ಉದುರುವಂತಿತ್ತು.

ಮಲ್ಲ ಹುಣ್ಣಿನ ಮೇಲೆ ಕೂತ ನೊಣವನ್ನು ಗದರಿಸಿತು: “ಎಲವೋ, ನನ್ನ ಕಿವಿ ತಿಂದವನು ನೀನೇ!”

“ಹುಣ್ಣು ಕರೆಯಿತು ಸ್ವಾಮಿ, ಬಂದೆ.”

“ನನ್ನನ್ನು ಹುಟ್ಟಿಸಿದ್ದು ನಿಮ್ಮ ಉಗುರು,” ಎಂದಿತು ಹುಣ್ಣು.

“ತುರಿಕೆಯ ಅಪ್ಪಣೆಯಾಯಿತು, ಕೆರೆದೆ,” ಎಂದಿತು ಉಗುರು.

“ನೊಣ ಬಂದು ಕೂತರೆ ನಾನು ಸುಮ್ಮನಿರಲೇ?” ಎಂದಿತು ತುರಿಕೆ.

ಮಲ್ಲನ ತಲೆ ಗಿರ್ರೆಂದಿತು. ಆಗ ಕಾಗೆ ಇಳಿದು ಬಂದು ಬೂದಿಯಲ್ಲಿ ಕೊಕ್ಕಿನಿಂದ ಗೆರೆ ಎಳೆಯಿತು: ನೊಣದಿಂದ ತುರಿಕೆಗೆ, ತುರಿಕೆಯಿಂದ ಉಗುರಿಗೆ, ಉಗುರಿನಿಂದ ಹುಣ್ಣಿಗೆ, ಹುಣ್ಣಿನಿಂದ ಮತ್ತೆ ನೊಣಕ್ಕೆ. ಗೆರೆ ಬಳೆಯಂತೆ ಕೂಡಿಕೊಂಡಿತು.

“ಇದರಲ್ಲಿ ಕಳ್ಳ ಯಾರು, ಕಾಗಕ್ಕ?”

“ಕಳ್ಳನನ್ನು ಬಿಡು ಮಲ್ಲಣ್ಣ. ಈ ನಾಲ್ವರಲ್ಲಿ ನಿನ್ನ ಮಾತು ಕೇಳುವವರು ಯಾರು, ಅದನ್ನು ನೋಡು.”

ಮಲ್ಲ ನೋಡಿತು. ಕೆರೆಯುವ ಹಿಂಗಾಲನ್ನು ಮಡಚಿ, ಅದರ ಮೇಲೆ ಕುಂಡಿಯೂರಿ ಒಂಬತ್ತು ದಿನ ಕೂತಿತು. ಹುಣ್ಣು ಒಣಗಿತು, ನೊಣ ಬೇರೆ ಮನೆ ನೋಡಿಕೊಂಡಿತು.

ಹತ್ತನೆಯ ದಿನ ಮಲ್ಲ ಬೀದಿನಾಯಿಗಳ ಮುಂದೆ ಎರಡೂ ಕಿವಿ ನಿಮಿರಿಸಿ ಹೇಳಿತು: “ಏಳು ಊರಿನ ನೊಣಗಳನ್ನು ಓಡಿಸಿದೆ ಕಣ್ರಯ್ಯಾ, ಕೂತ ಜಾಗದಿಂದ ಏಳದೆ!”