ಗೂಟದ ಮೇಲಿನ ವಲ್ಲಿ

ಹೆಗಲ ಮೇಲೆ ಹಾಕಿಕೊಳ್ಳುವ ಬಟ್ಟೆಗೆ ತನ್ನ ಊರಲ್ಲಿ ಏನೆನ್ನುತ್ತಿದ್ದರೆಂದು ನಾಗಪುರದ ಮಗನ ಮನೆಯಲ್ಲಿದ್ದ ಕಾಶವ್ವಜ್ಜಿಗೆ ಬೇಗ ನೆನಪಾಗಲಿಲ್ಲ. “ವಸ್ತ್ರ ಅಲ್ಲ, ವ... ವಲ್ಲಿ,” ಎಂದು ನಕ್ಕು, ಮೊಮ್ಮಗಳಿಗೆ ಕಥೆ ಶುರು ಮಾಡಿದಳು.

ಶಾಸಕ ಗುರುಬಸಪ್ಪನವರು ತೀರಿಕೊಂಡ ಮೇಲೆ ಊರವರು ಅವರ ನೆನಪಿಗೆಂದು ಅವರ ಮನೆಯ ಪಡಸಾಲೆಯಲ್ಲಿ ಗಾಜಿನ ಕಪಾಟು ಇರಿಸಿದರು. ಸನ್ಮಾನದ ಶಾಲುಗಳೆಲ್ಲ ಅದರೊಳಗೆ ಕುಳಿತವು. ಗೂಟಕ್ಕೆ ನೇತಾಡುತ್ತಿದ್ದ ಅವರ ಹಳೆಯ ವಲ್ಲಿಗೆ ಮಾತ್ರ, ಇನ್ನು ತನ್ನನ್ನು ಎಸೆದೇಬಿಡುತ್ತಾರೆಂಬ ಹೆದರಿಕೆ.

“ಮೈತುಂಬ ಕಲೆ. ನಿನ್ನನ್ನು ಒಳಗೆ ಯಾರು ಕರೆದಾರು? ನಾವು ಅವರ ಹೆಗಲೇರಿದವರು,” ಎಂದಿತು ಜರಿಶಾಲು.

“ಎಷ್ಟು ಹೊತ್ತು ಇದ್ದಿರಿ?”

“ಫೋಟೊ ತೆಗೆಯುವ ತನಕ. ನೀನೇನು ಮಾಡಿದೆ?”

“ಕಷ್ಟ ಹೇಳಿಕೊಳ್ಳಲು ಬಂದವರು ಕೂರಲೆಂದು ಕಟ್ಟೆಯ ಧೂಳು ಒರೆಸಿದೆ. ಒರೆಸುತ್ತಿದ್ದವರು ಅವರೇ.”

ಅಷ್ಟರಲ್ಲಿ ನಲ್ಲಿ ಬತ್ತಿದ ಕೇರಿಯ ಮುದುಕನೊಬ್ಬ ಬಂದು ಅಂಗಳದಲ್ಲೇ ನಿಂತ. “ಸಾಹೇಬ್ರು ಹೋದ್ರು. ಇನ್ನ ಯಾರ ಮುಂದ ಹೇಳೂದವ್ವಾ?”

ಗುರುಬಸಪ್ಪನವರ ಹೆಂಡತಿ ನೀಲವ್ವ ಎದ್ದರು. ಶಾಲುಗಳು ಮಡಿಕೆ ಸರಿಮಾಡಿಕೊಂಡವು. ನೀಲವ್ವ ಆ ಕಡೆ ನೋಡದೆ, ಗೂಟದ ವಲ್ಲಿ ತೆಗೆದು ಕಟ್ಟೆ ಒರೆಸಿದರು.

“ಕೂಡ್ರಿ ಕಾಕಾ, ನನ್ನ ಮುಂದ ಹೇಳ್ರಿ. ನಾಳೆ ಪಂಚಾಯ್ತಿಗೆ ನಾನೂ ನಿಮ್ಮ ಜೋಡಿ ಬರ್ತೀನಿ.”

ವಲ್ಲಿಗೆ ಇನ್ನೊಂದು ಕಲೆ ಹತ್ತಿತು; ಹೆದರಿಕೆ ಬಿಟ್ಟಿತು.

“ಮುಂದೆ?” ಎಂದಳು ಮೊಮ್ಮಗಳು.

“ಮುಂದೇನು, ಮತ್ತ ಗೂಟಕ್ಕ ಹೋತು. ವಲ್ಲಿ ಅಂತ ಬರೆದಿಡವ್ವಾ, ನನಗ ಮರೆತೀತು. ಶಾಲಿನ ಹೆಸರು ಯಾರೂ ಮರೆಯೂದಿಲ್ಲ.”