ಪೈಪಿಗೆ ಒಂದು ಕೊಡ ನೀರು

ಯಮನೂರಪ್ಪನ ಮನೆಯಲ್ಲಿ ನೆಟ್ಟಗೆ ಕೂಡುವ ತಾಟು ಒಂದೂ ಇರಲಿಲ್ಲ.

ಊಟಕ್ಕೆ ಬಡಿಸಿಟ್ಟರೆ ತಾಟು ಬುಗುರಿಯ ಹಾಗೆ ತಿರುಗುತ್ತಿತ್ತು. ಅವನ ಸಿಟ್ಟೆಲ್ಲ ತಾಟುಗಳ ಮೇಲೆ. ಸಾರಿಗೆ ಉಪ್ಪು ಕಡಿಮೆಯಾದರೂ ತಾಟು ಗೋಡೆಗೆ, ತನ್ನ ಹಿಟ್ಟಿನ ಗಿರಣಿಯ ಬೆಲ್ಟು ಹರಿದರೂ ತಾಟು ಗೋಡೆಗೆ. ಮನುಷ್ಯರ ಮೇಲೆ ಎಂದೂ ಕೈ ಮಾಡಿದವನಲ್ಲ. ಅದನ್ನೇ ದೊಡ್ಡದಾಗಿ ಹೇಳಿಕೊಂಡು ತಿರುಗುತ್ತಿದ್ದ.

ಅವನ ಹೆಂಡತಿ ಸಾಂವಕ್ಕ ಎಂಟು ವರ್ಷ ನೋಡಿದಳು. ಹೋಳಿ ಹುಣ್ಣಿಮೆಯ ಮರುದಿನ ಒಂದು ನೆಗ್ಗಿದ ತಾಟನ್ನು ಚೀಲಕ್ಕೆ ಹಾಕಿಕೊಂಡು ತವರಿಗೆ ಹೊರಟಳು.

"ಹೊಳಿ ದಂಡಿ ಅಡಿವೆಪ್ಪಜ್ಜಾರ ಕಡೆ ಹೋಗ್ರಿ," ಎಂದಳು. "ಅವರು 'ಇನ್ನ ಮನಿಗೆ ಹೋಗು' ಅಂದ ದಿನ ನಾನೂ ಬರ್ತೀನಿ. ಅಲ್ಲೀತನಕಾ ಇಲ್ಲ."

ಯಮನೂರಪ್ಪ ಗಿರಣಿಯನ್ನು ಅಣ್ಣನಿಗೆ ಒಪ್ಪಿಸಿ ಆಶ್ರಮಕ್ಕೆ ಬಂದ. ಹೆಂಡತಿಯಿಲ್ಲದ ಮನೆಯಲ್ಲಿ ಅವನಿಗೆ ಒಂದು ದಿನವೂ ಊಟ ಸೇರಿರಲಿಲ್ಲ.

ಅಡಿವೆಪ್ಪಜ್ಜ ಕಾವಿ ಉಡುವುದಕ್ಕೆ ಮುಂಚೆ ಮೂವತ್ತು ವರ್ಷ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದವರು. ಉಪದೇಶ ಕಡಿಮೆ, ನಗು ಜಾಸ್ತಿ.

"ಅಜ್ಜಾರ, ಸಿಟ್ಟು ಬರದಂಗ ಏನಾರ ಕೊಡ್ರಿ."

"ಬರದಂಗ ಮಾಡೂದು ನನ್ನ ಕಡೆ ಇಲ್ಲೋ ತಮ್ಮಾ."

"ಮತ್ತ ಏನೈತ್ರಿ?"

"ಒಂದು ಕೊಡ ಐತಿ."

ಅಜ್ಜ ಹಿತ್ತಾಳೆಯ ಕೊಡವೊಂದನ್ನು ಅವನ ಕೈಗಿಟ್ಟು ಅಡುಗೆಮನೆಯ ಹಿಂದೆ ಕರೆದುಕೊಂಡು ಹೋದರು. ಅಲ್ಲಿ ನೆಲದಿಂದ ಮೊಳದುದ್ದ ಒಂದು ಕಬ್ಬಿಣದ ಪೈಪು ಮೇಲೆದ್ದು ನಿಂತಿತ್ತು.

"ದಿನಾ ಮುಂಜಾನೆ ಹೊಳಿಯಿಂದ ಒಂದು ಕೊಡ ನೀರು ತಂದು ಇದಕ್ಕ ಹಾಕು."

"ಎಷ್ಟು ದಿನಾರಿ?"

"ನೀ ಎಷ್ಟು ದಿನ ಉಣ್ಣಾಂವ ಅದಿ?"

ಯಮನೂರಪ್ಪನ ಮುಖ ಅರಳಿತು. ಇದು ಯಾರಿಗೂ ಹೇಳಿಕೊಡದ ಗುಟ್ಟಿನ ಸಾಧನೆಯೇ ಸರಿ ಎಂದುಕೊಂಡ. ಮತ್ತೇನೂ ಕೇಳಲಿಲ್ಲ.

ಮೂರನೆಯ ದಿನ ಪೈಪಿಗೆ ಕುಂಕುಮ ಹಚ್ಚಿದ. ಐದನೆಯ ದಿನ ಕಣಗಿಲ ಹೂವಿನ ಸರ ಹಾಕಿದ. ಎಂಟನೆಯ ದಿನ ಆಶ್ರಮಕ್ಕೆ ಬಂದಿದ್ದ ಹೆಂಗಸರು ನೋಡಿ ಕೈ ಮುಗಿದರು. ಹತ್ತನೆಯ ದಿನ ಯಾರೋ ತೆಂಗಿನಕಾಯಿ ಒಡೆದರು. ತಿಂಗಳು ತುಂಬುವುದರೊಳಗೆ ಪೈಪಿನ ಪಕ್ಕ ಎರಡು ಗೂಟ ಎದ್ದು, ನಡುವೆ ಒಂದು ಗಂಟೆ ತೂಗಿತು. ಹರಕೆ ತೀರಿದವರು ಕೊಟ್ಟದ್ದಂತೆ.

ಅಜ್ಜ ಅಲ್ಲಿ ಒಡೆದ ಕಾಯಿಗಳ ಚಟ್ನಿಯನ್ನು ಬೆರಳು ಚೀಪಿಕೊಂಡು ಉಣ್ಣುತ್ತಿದ್ದರು.

"ದೇವರು ಛಲೋ ಅದಾನ," ಎಂದರು. "ಒಂದು ಹಸಿಮೆಣಸಿನಕಾಯಿ ಕಡಿಮಿ ಬಿದ್ದೈತಿ."

ನಲವತ್ತನೆಯ ದಿನ ಲೈನ್‌ಮನ್ ಮಾಬೂಸಾಬ ಕಂಬದ ತಂತಿ ನೋಡಲು ಬಂದ. ಅಡುಗೆಮನೆಯ ಹಿಂದೆ ಯಮನೂರಪ್ಪ ಕಣ್ಣು ಮುಚ್ಚಿ ಪೈಪಿನ ಮುಂದೆ ಕುಳಿತಿದ್ದ. ಮಾಬೂಸಾಬ ಗಂಟೆ ನೋಡಿದ, ಕುಂಕುಮ ನೋಡಿದ, ಹೊಟ್ಟೆ ಹಿಡಿದುಕೊಂಡು ನಗುತ್ತ ನೆಲಕ್ಕೇ ಕುಳಿತುಬಿಟ್ಟ.

"ಯಣ್ಣಾ, ಇದು ಅರ್ಥಿಂಗ್ ಪೈಪೋ!"

"ಅಂದ್ರ?"

"ಮೀಟರ್ ಬಾಜೂ ಆ ಕರೀ ಡಬ್ಬಿ ಐತೆಲ್ಲ? ಸಿಡ್ಲ ಹೊಡದು ತಂತ್ಯಾಗ ಒಮ್ಮಿಗೇ ಕರೆಂಟು ಉಕ್ಕಿ ಬಂತಂದ್ರ, ಆ ಡಬ್ಬಿ ಅದನ್ನ ಮನಿಯೊಳಗ ಬಿಡಂಗಿಲ್ಲ. ಈ ಪೈಪಿನ ದಾರಿ ಹಿಡಿಸಿ ನೆಲಕ್ಕ ಇಳಸ್ತೈತಿ. ಕೆಳಗ ತೆಗ್ಗಿನಾಗ ಉಪ್ಪು, ಇದ್ದಿಲಿ ತುಂಬೇವಿ. ನೆಲಾ ಹಸಿ ಇದ್ರ ಎಲ್ಲಾ ಹೀರಕೊಂತೈತಿ. ಒಣಗಿದ್ರ ಒಲ್ಲೆ ಅಂತೈತಿ. ಅದಕ್ಕ ಬ್ಯಾಸಗ್ಯಾಗ ನೀರು ಹಾಕ್ತಾರ."

ಯಮನೂರಪ್ಪನ ಕಿವಿ ಕೆಂಪೇರಿತು. ನೇರ ಅಜ್ಜನ ಹತ್ತಿರ ಬಂದ.

"ನಾ ಶಾಂತಿ ಹುಡಿಕ್ಕೊಂಡು ಬಂದ್ರ ನನ್ನ ಕಡಿಂದ ಕರೆಂಟಿನ ಕೆಲಸಾ ಮಾಡಿಸಿದ್ರ್ಯಾ?"

"ಹೌದು."

"ನಲವತ್ತು ದಿನಾ ಆತು! ಸಿಟ್ಟು ಹೋಗಿಲ್ಲ. ನೋಡ್ರಿ, ಈಗೂ ಬಂದೈತಿ!"

"ಕಾಣ್ತೈತಿ," ಎಂದರು ಅಜ್ಜ. "ಕಿವಿ ಮ್ಯಾಲ ರೊಟ್ಟಿ ಸುಡಬಹುದು."

ಮರುದಿನದಿಂದ ಯಮನೂರಪ್ಪ ಕೊಡ ಮುಟ್ಟಲಿಲ್ಲ. ಮುಂಜಾನೆ ಎದ್ದು ಕೋಣೆಯ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂಡುತ್ತಿದ್ದ. ನಿಜವಾದ ಸಾಧನೆ ಅಂದರೆ ಇದು ಎಂದು ತನಗೆ ತಾನೇ ಹೇಳಿಕೊಂಡ.

ಅಜ್ಜ ಕೇಳಲಿಲ್ಲ. ಬೇರೆ ಯಾರಿಗೂ ಆ ಕೆಲಸ ಹೇಳಲೂ ಇಲ್ಲ. ಬೇಸಿಗೆ ಕಾಯಿತು. ಪೈಪಿನ ಸುತ್ತ ನೆಲ ಬಿರಿಯಿತು, ಹೂವಿನ ಸರ ಒಣಗಿ ನಾರು ಉಳಿಯಿತು.

ಅಷ್ಟರಲ್ಲಿ ಸಾಂವಕ್ಕನಿಂದ ಸುದ್ದಿ ಬಂತು. ಕಾರಹುಣ್ಣಿಮೆಗೆ ಆಶ್ರಮಕ್ಕೆ ಬರುತ್ತಾಳಂತೆ. ಅಜ್ಜನನ್ನೇ ಕೇಳುತ್ತಾಳಂತೆ. ಅಜ್ಜ ಹೂಂ ಅಂದರೆ ಸಂಸಾರ, ಉಹುಂ ಅಂದರೆ ತವರೇ ಗಟ್ಟಿಯಂತೆ.

ಯಮನೂರಪ್ಪ ಇನ್ನೂ ಬಿಗಿಯಾಗಿ ಕಣ್ಣು ಮುಚ್ಚಿದ.

ಆ ವರ್ಷ ಮುಂಗಾರಿಗೆ ಮುಂಚಿನ ಅಡ್ಡಮಳೆ ತಡವಾಯಿತು. ಹುಣ್ಣಿಮೆಗೆ ಹನ್ನೆರಡು ದಿನ ಇರುವಾಗ, ಒಂದು ಮಧ್ಯಾಹ್ನ ಮೋಡ ಕವಿದು ಕತ್ತಲಾಯಿತು. ಮೊದಲ ಹನಿ ಬಿದ್ದಾಗ ಆಶ್ರಮದವರೆಲ್ಲ ಅಂಗಳಕ್ಕೆ ಓಡಿ ಕೈಯೊಡ್ಡಿ ನಿಂತರು.

ಹೊಳೆಯಾಚೆ ಎಲ್ಲೋ ತಂತಿಗೆ ಸಿಡಿಲು ಬಡಿಯಿತು.

ಸದಾ ಮಿಣುಕು ಮಿಣುಕು ಅನ್ನುತ್ತಿದ್ದ ಅಡುಗೆಮನೆಯ ಬಲ್ಬು ಒಮ್ಮೆಗೇ ಸೂರ್ಯನಾಯಿತು. "ಅಬಬಾ, ಏನ್ ಬೆಳಕು!" ಎಂದು ಯಾರೋ ಚಪ್ಪಾಳೆ ಹೊಡೆದರು. ಚಪ್ಪಾಳೆ ಮುಗಿಯುವುದರೊಳಗೆ ಬಲ್ಬು ಠಪ್ಪೆಂದಿತು. ರುಬ್ಬುತ್ತಿದ್ದ ಗ್ರೈಂಡರು ಒಮ್ಮೆ ನರಳಿ ನಿಂತಿತು. ಫ್ಯಾನಿನಿಂದ ಹೊಗೆ ಬಂತು. ಬಾವಿಯ ಮೋಟಾರು ಸುಟ್ಟ ವಾಸನೆ ಅಂಗಳದವರೆಗೂ ಹಬ್ಬಿತು.

ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ತಪ್ಪು ಯಾರದೆಂದು ಯಮನೂರಪ್ಪನಿಗೆ ಗೊತ್ತಾಯಿತು. ಆದರೆ ಗೊತ್ತಾಗುವುದಕ್ಕಿಂತ ಮುಂಚೆಯೇ ಸಿಟ್ಟು ಬಂದಿತ್ತು. ಕೈಗೆ ಸಿಕ್ಕಿದ್ದು ಹಿತ್ತಾಳೆಯ ಕೊಡ. ಗೋಡೆಗೆ ಬೀಸಿದ.

"ಯಾಕ ಹೇಳಲಿಲ್ರಿ ಅಜ್ಜಾರ? ಒಂದು ಮಾತು ಹೇಳಿದ್ರ ನೀರು ಹಾಕ್ತಿದ್ದಿಲ್ಲೇನು ನಾನು?"

ಅಜ್ಜ ಕೊಡವನ್ನು ಎತ್ತಿ ತಿರುಗಿಸಿ ನೋಡಿದರು. ಹೊಟ್ಟೆಯಲ್ಲಿ ಅಂಗೈಯಗಲ ನೆಗ್ಗು ಬಿದ್ದಿತ್ತು.

"ಗೋಡಿಗೆ ಏನೂ ಆಗಿಲ್ಲ ಬಿಡು," ಎಂದು ನಕ್ಕರು. "ಪಾನಾ, ಸುತ್ತಿಗಿ ತಗೊಂಡು ಬಾ. ಮೋಟಾರು ಬಿಚ್ಚೂಣು."

ಬೇವಿನ ಮರದ ಕೆಳಗೆ ಇಬ್ಬರೂ ಮೋಟಾರನ್ನು ಬಿಚ್ಚಿಕೊಂಡು ಕುಳಿತರು. ಒಳಗಿನ ತಂತಿಯೆಲ್ಲ ಕಪ್ಪಾಗಿತ್ತು. ಯಮನೂರಪ್ಪ ಸುಟ್ಟ ತಂತಿ ಕಿತ್ತು ಹಾಕಬೇಕು, ಅಜ್ಜ ಹೊಸದು ಸುತ್ತಬೇಕು. ಮೂವತ್ತು ವರ್ಷದ ಕೈ ಮರೆತಿರಲಿಲ್ಲ. ಅಜ್ಜ ತತ್ವಪದದ ಸೊಲ್ಲು ಗುನುಗುತ್ತ, ಸುತ್ತು ತಪ್ಪಿ, ಮತ್ತೆ ಮೊದಲಿಂದ ಎಣಿಸುತ್ತ ಭಾರೀ ಖುಷಿಯಲ್ಲಿದ್ದರು.

"ಇಂಥಾವು ಸಾವಿರ ಬಿಚ್ಚೀನಿ," ಎಂದರು. "ದುಡುದು ದಣದು ಹೋದ ಮೋಟಾರು ಕಡಿಮಿ. ಒಂದು ಗಳಿಗ್ಯಾಗ ಸುಟ್ಟಾವ ಹೆಚ್ಚು."

ಯಮನೂರಪ್ಪ ತಂತಿ ಕೀಳುತ್ತಲೇ ಇದ್ದ.

"ನಿನ್ನ ಸಿಟ್ಟು ಎಷ್ಟೊತ್ತು ಇರ್ತೈತೋ ತಮ್ಮಾ?"

ಅವನು ಯೋಚಿಸಿದ. "ತಾಟು ಗೋಡಿ ಮುಟ್ಟೂತನಕಾ ರಿ."

ಅಜ್ಜ ಗಹಗಹಿಸಿ ನಕ್ಕರು. ಯಮನೂರಪ್ಪನಿಗೆ ನಗು ಬರಲಿಲ್ಲ.

"ಅಜ್ಜಾರ, ಸಿಡ್ಲ ಹೊಡೀಲಾರದಂಗ ಮಾಡಾಕ ಬರ್ತೈತೇನ್ರಿ?"

"ಇಲ್ಲ."

"ಯಾರಿಗೂ ಬರಂಗಿಲ್ಲ?"

"ಬಂದಿದ್ರ ನಾ ಮೂವತ್ತು ವರ್ಷ ಏನ್ ಉಣ್ಣತಿದ್ದೆ?"

ಯಮನೂರಪ್ಪ ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟು, ನೆಗ್ಗಿದ ಕೊಡ ತೆಗೆದುಕೊಂಡು ಹೊಳೆಗೆ ನಡೆದ. ಅವತ್ತು ಸಂಜೆಯೊಳಗೆ ಪೈಪಿಗೆ ಏಳು ಕೊಡ ನೀರು ಹಾಕಿದ. ಬಿರಿದ ನೆಲ ಗೊಟಗೊಟ ಸದ್ದು ಮಾಡಿ ಕುಡಿಯಿತು.

ಕುಂಕುಮ ಒರೆಸಿದ. ಗಂಟೆ ಬಿಚ್ಚಲು ಹೋದಾಗ ಅಜ್ಜ ತಡೆದರು.

"ಗಂಟಿ ಇರಲಿ ಬಿಡೋ. ಚಟ್ನಿ ತಪ್ಪೀತು."

ನಾಲ್ಕನೆಯ ದಿನ ಮೋಟಾರು ಸಿದ್ಧವಾಯಿತು. ಗುಂಡಿ ಒತ್ತಿದಾಗ ಒಂದು ಸಲ ಕೆಮ್ಮಿ, ಬಾವಿಯ ಪೈಪಿನ ತುಂಬ ನೀರು ಚಿಮ್ಮಿತು. ಅಜ್ಜ ಕಾವಿಯ ಸಮೇತ ಅದರ ಕೆಳಗೆ ಹೋಗಿ ನಿಂತು ಕುಣಿದರು. ಅರ್ಧ ಆಶ್ರಮ ನೆನೆಯಿತು.

ಬಾವಿಯ ನೀರೇ ಸಾಕಿತ್ತು, ಹೊಳೆಯಿಂದ ಹೊರುವ ಅಗತ್ಯವಿರಲಿಲ್ಲ. ಆದರೂ ಯಮನೂರಪ್ಪ ದಿನಾ ಮುಂಜಾನೆ ಹೊಳೆಗೇ ಹೋಗುತ್ತಿದ್ದ. ನೆಗ್ಗಿದ ಕೊಡ ಬಗಲಲ್ಲಿ ಸರಿಯಾಗಿ ಕೂಡುತ್ತಿರಲಿಲ್ಲ, ಜೋರಾಗಿ ನಡೆದರೆ ನೀರು ಚೆಲ್ಲುತ್ತಿತ್ತು. ಅದಕ್ಕೇ ಮೆಲ್ಲಗೆ ನಡೆಯುವುದನ್ನು ಕಲಿತ.

ಕಾರಹುಣ್ಣಿಮೆ ಬಂತು. ಸಾಂವಕ್ಕ ಊಟದ ಹೊತ್ತಿಗೆ ಸರಿಯಾಗಿ ಬಂದಳು.

ಎಲ್ಲರೂ ಪಂಕ್ತಿಯಲ್ಲಿ ಕುಳಿತಿದ್ದರು. ಅವಳು ಚೀಲದಿಂದ ಆ ಹಳೆಯ ನೆಗ್ಗಿದ ತಾಟು ತೆಗೆದು ಗಂಡನ ಮುಂದಿಟ್ಟಳು. ತಾಟು ಅರ್ಧ ಸುತ್ತು ತಿರುಗಿ ನಿಂತಿತು. ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಆಮೇಲೆ ತಣ್ಣಗೆ ಹೇಳಿದಳು.

"ನಿಮ್ಮಣ್ಣ ಗಿರಣಿದು ಹಳೇ ಕಲ್ಲು ತಗದು ಒಗದು ಹೊಸಾದು ಹಾಕ್ಯಾನ. ನಿಮ್ಮನ್ನ ಒಂದು ಮಾತು ಕೇಳಬೇಕಂತ ಅವಗ ಅನಸಲಿಲ್ಲ."

ಆ ಕಲ್ಲು ಯಮನೂರಪ್ಪನ ಅಪ್ಪ ತಾನೇ ಉಳಿ ಹಿಡಿದು ಕಡೆದದ್ದು.

ಅವನ ಕಿವಿ ಕೆಂಪಾಯಿತು. ಕತ್ತಿನ ನರ ಉಬ್ಬಿತು. ಎರಡೂ ಕೈ ತಾಟಿನ ಅಂಚು ಹಿಡಿದವು. ಪಕ್ಕದಲ್ಲಿ ಕುಳಿತವನು ತನ್ನ ಮಜ್ಜಿಗೆಯ ಲೋಟವನ್ನು ಮೆಲ್ಲಗೆ ಆಚೆ ಸರಿಸಿಕೊಂಡ. ಸಾಂವಕ್ಕ ಹಿಂದೆ ಸರಿಯಲಿಲ್ಲ, ಆದರೆ ಕೈಯಲ್ಲಿದ್ದ ಸೌಟನ್ನು ಮುಖಕ್ಕೆ ಅಡ್ಡ ಹಿಡಿದಳು.

ಅಜ್ಜ ರೊಟ್ಟಿ ಮುರಿಯುತ್ತಿದ್ದರು.

ಯಮನೂರಪ್ಪ ಸೌಟನ್ನು ನೋಡಿದ. ತಾಟು ಬಿಟ್ಟ. ಎದ್ದ. ಚಪ್ಪಲಿಯೂ ಇಲ್ಲದೆ ಹೊರಗೆ ಹೋದ.

ಸುಮಾರು ಹೊತ್ತಿನ ಮೇಲೆ ಅಡುಗೆಮನೆಯ ಹಿಂದಿನಿಂದ ಗಂಟೆ ಢಣ್ ಎಂದಿತು. ಕೊಡ ಬಗ್ಗಿಸುವಾಗ ಅವನ ಮೊಣಕೈ ತಾಗಿರಬೇಕು.

"ಒಂದು," ಎಂದರು ಯಾರೋ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಢಣ್. "ಎರಡು," ಎಂದರು ನಾಲ್ಕು ಜನ.

ಐದಕ್ಕೆ ಬರುವಷ್ಟರಲ್ಲಿ ಇಡೀ ಪಂಕ್ತಿ ಎಣಿಸುತ್ತಿತ್ತು. ಏಳಾಯಿತು. ಆಮೇಲೆ ಗಂಟೆ ಕೇಳಿಸಲಿಲ್ಲ.

ಯಮನೂರಪ್ಪ ಒಳಗೆ ಬಂದ. ಮೊಣಕಾಲತನಕ ಒದ್ದೆ, ಪಾದದ ತುಂಬ ರಾಡಿ. ತನ್ನ ತಾಟಿನ ಮುಂದೆ ಕುಳಿತ. ಅವನ ಕಣ್ಣಲ್ಲಿ ನೀರಿತ್ತು.

"ಅಜ್ಜಾರ, ಸುಳ್ಳು ಯಾಕ ಹೇಳ್ಲಿ? ಸಿಟ್ಟು ಮೊದಲಿನಷ್ಟ ಬಂತ್ರಿ. ಒಂದು ಗುಂಜಿನೂ ಕಡಿಮಿ ಆಗಿಲ್ಲ."

ಮನೆಗೆ ಹೋಗುವ ಆಸೆ ಇನ್ನು ಮುಗಿಯಿತು ಎಂದುಕೊಂಡಿದ್ದ.

"ಬಂದದ್ದು ಎಲ್ಲಿ ಹೋತು?" ಎಂದು ಕೇಳಿದರು ಅಜ್ಜ.

ಯಮನೂರಪ್ಪ ತಾಟು ನೋಡಿದ. ಅದರಲ್ಲಿ ಹಳೆಯ ನೆಗ್ಗು ಮಾತ್ರ ಇತ್ತು. ಗೋಡೆ ನೋಡಿದ. ಆಮೇಲೆ ಬೆರಳ ಸಂದಿಯಲ್ಲಿ ಮಣ್ಣು ಮೆತ್ತಿದ್ದ ತನ್ನ ಪಾದ ನೋಡಿಕೊಂಡ.

"ರೊಟ್ಟಿ ಆರತೈತಿ, ಉಣ್ಣು," ಎಂದರು ಅಜ್ಜ.

ಅವನು ರೊಟ್ಟಿ ಮುರಿಯಲು ಕೈಯಿಟ್ಟ. ತಾಟು ಗರ್ರನೆ ತಿರುಗಿ ಎಣ್ಣೆಗಾಯಿ ಪಕ್ಕದವನ ಕಡೆಗೆ ಹೋಯಿತು. ಮೊದಲು ನಕ್ಕವನು ಯಮನೂರಪ್ಪನೇ. ಸಾಂವಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು, ಆದರೂ ತಡೆಯಲಾಗಲಿಲ್ಲ. ಪಂಕ್ತಿಗೆ ಪಂಕ್ತಿಯೇ ನಕ್ಕಿತು.

ಊಟವಾದ ಮೇಲೆ ಗಂಡಹೆಂಡತಿ ಇಬ್ಬರೂ ಅಜ್ಜನ ಮುಂದೆ ನಿಂತರು.

"ಅಜ್ಜಾರ, ಕರಕೊಂಡು ಹೋಗ್ಲೇನ್ರಿ?" ಎಂದಳು ಸಾಂವಕ್ಕ.

"ನಿಮ್ಮ ಗಿರಣಿ ಹಿಂದ ಪೈಪ್ ಐತೇನವಾ?"

"ಐತ್ರಿ. ಒಬ್ಬರೂ ನೀರು ಹಾಕಂಗಿಲ್ಲ."

ಅಜ್ಜ ಯಮನೂರಪ್ಪನ ಬೆನ್ನು ತಟ್ಟಿದರು. "ಇನ್ನ ಮನಿಗೆ ಹೋಗೋ ತಮ್ಮಾ."

ಯಮನೂರಪ್ಪ ಉದ್ದಕ್ಕೆ ಅಡ್ಡಬಿದ್ದ. ಎದ್ದಾಗ ಕುಣಿಯುವುದೊಂದು ಬಾಕಿ. ಚೀಲ ತರಲು ಓಡಹೊರಟವನು ಹೆಂಡತಿಯನ್ನು ನೋಡಿ ನಿಂತ. ಅವಳು ಕದಲಿರಲಿಲ್ಲ.

"ಎಂಟು ವರ್ಷ ತಿರುಗೂ ತಾಟಿನಾಗ ಉಂಡೀನ್ರಿ ಅಜ್ಜಾರ," ಎಂದಳು. "ನನ್ನ ಸಿಟ್ಟು ಎಲ್ಲಿ ಇಡ್ಲಿ?"

ಯಮನೂರಪ್ಪ ಬಾಯಿ ತೆರೆದು ಅವಳನ್ನೇ ನೋಡಿದ. ಅವಳಿಗೂ ಸಿಟ್ಟು ಇದ್ದೀತು ಎಂದು ಇಷ್ಟು ವರ್ಷ ಅವನಿಗೆ ಹೊಳೆದೇ ಇರಲಿಲ್ಲ.

ಅಜ್ಜ ಒಳಗೆ ಹೋದರು. ಬರುವಾಗ ಒಂದು ಕೈಯಲ್ಲಿ ನೆಗ್ಗಿದ ಕೊಡ, ಇನ್ನೊಂದರಲ್ಲಿ ಫಳಫಳ ಹೊಳೆಯುವ ಹೊಸ ಕೊಡ. ಎರಡನ್ನೂ ಅವಳ ಕೈಗೇ ಕೊಟ್ಟರು.

"ನೆಗ್ಗಿದ್ದು ಅವಗ, ಹೊಸಾದು ನಿನಗ. ಇಬ್ಬರೂ ಒಂದ ಪೈಪಿಗೆ ಹಾಕ್ರಿ."